ಅಪರೂಪದ ಕಾಯಿಲೆಗಳು ಮತ್ತು ಸಹಕಾರಿಗಳಾದ ನಮ್ಮ ಕರ್ತವ್ಯ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಹಸಿರು ಮೇವು, ಕೆಚ್ಚಲು ಬಾವು, ಕರು ಸಾಕಣೆ ಬಗ್ಗೆ ಬಹಳ ಚೆನ್ನಾಗಿ ಹೇಳಿದ್ದಾರೆ. ದನದ ಆರೋಗ್ಯ ಆಯಿತು, ಜನದ ಆರೋಗ್ಯದ ಬಗ್ಗೆ ನೀವು ಮಾತಾಡಿ ಅಂತ ಕಾರ್ಯದರ್ಶಿಗಳು ನನಗೆ ಹೇಳಿದರು. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಎಲ್ಲರೂ ಹೇಳುತ್ತಾರೆ. ಯಾರೂ ಮಾತಾಡದ ಕಾಯಿಲೆಗಳ ಬಗ್ಗೆ ಹೇಳುತ್ತೇನೆ ಅಂತ ನಾನೇ ಕೇಳಿಕೊಂಡೆ. ನಾನು ಓದಿರುವುದು ಎಸ್.ಎಸ್.ಎಲ್.ಸಿ. ಡಾಕ್ಟರ ಹಾಗೆ ಹೇಳಲು ನನಗೆ ಬರುವುದಿಲ್ಲ. ತಿಳಿದವರನ್ನು ಕೇಳಿ, ಓದಿ, ಕಣ್ಣಾರೆ ಕಂಡು ಗೊತ್ತುಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಕೊನೆಯಲ್ಲಿ ಒಂದು ಸಲಹೆಯನ್ನೂ ಇಡುತ್ತೇನೆ. ಅದಕ್ಕೆ ಒಪ್ಪಿಗೆ ಕೊಡುವುದು ಬಿಡುವುದು ಮಹಾಸಭೆಗೆ ಬಿಟ್ಟದ್ದು.

ಅಪರೂಪದ ಕಾಯಿಲೆ ಅಂದರೆ ಯಾವುದು?

ಹೆಸರೇ ಹೇಳುವ ಹಾಗೆ ಬಹಳ ಕಡಿಮೆ ಜನಕ್ಕೆ ಬರುವ ಕಾಯಿಲೆ. ಸಾವಿರ ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನಕ್ಕೆ ಬರುವ, ಜೀವನಪೂರ್ತಿ ಕಾಡುವ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ ಈ ಹೆಸರು ಕೊಡುತ್ತದೆ. ಅಮೆರಿಕದವರು ತಮ್ಮ ದೇಶದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಜನಕ್ಕೆ ಇದ್ದರೆ ಅಪರೂಪದ್ದು ಅನ್ನುತ್ತಾರೆ. ಇಂಥ ಕಾಯಿಲೆಗಳು ಒಂದೆರಡಲ್ಲ, ಸುಮಾರು ಏಳು ಸಾವಿರ ಬಗೆ ಇವೆ ಅಂತ ಲೆಕ್ಕ. ಹೆಚ್ಚಿನವು ಹುಟ್ಟಿನಿಂದಲೇ ಬರುವಂಥವು, ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುವಂಥವು.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಒಂದೊಂದು ಕಾಯಿಲೆಯೂ ಅಪರೂಪ. ಆದರೆ ಏಳು ಸಾವಿರ ಅಪರೂಪಗಳು ಸೇರಿದರೆ ಅದು ಅಪರೂಪ ಅಲ್ಲ. ಹೋಬಳಿಗೆ ಹತ್ತಾರು ಮನೆಯಲ್ಲಾದರೂ ಇಂಥ ಒಬ್ಬರು ಇರುತ್ತಾರೆ. ಒಬ್ಬರ ಕಾಯಿಲೆಯ ಹೆಸರು ಇನ್ನೊಬ್ಬರದ್ದಲ್ಲ, ಆದ್ದರಿಂದ ಅವರು ಒಂದಾಗುವುದಿಲ್ಲ. ತಮ್ಮ ಮನೆಗೊಂದೇ ಈ ಶಾಪ ಅಂತ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಇದರ ಪರಿಣಾಮ ಔಷಧದ ಮೇಲೂ ಆಗುತ್ತದೆ. ಕೊಳ್ಳುವವರು ಕಡಿಮೆ ಇದ್ದರೆ ಯಾವ ಕಂಪೆನಿಯೂ ಔಷಧ ತಯಾರಿಸಲು ಮುಂದೆ ಬರುವುದಿಲ್ಲ. ತಯಾರಿಸಿದರೂ ಬೆಲೆ ಆಕಾಶಕ್ಕೆ. ಅದಕ್ಕೇ ಇಂಥ ಔಷಧಗಳಿಗೆ ಅನಾಥ ಔಷಧ ಅಂತಲೇ ಹೆಸರು. ಇವನ್ನು ತಯಾರಿಸುವವರಿಗೆ ಉತ್ತೇಜನ ಕೊಡಲು ಅಮೆರಿಕದಲ್ಲಿ 1983ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಈ ಮಾತು ನಮಗೆ ಹೊಸದಲ್ಲ. ಸಂಘ ಇಲ್ಲದಿದ್ದಾಗ ಎರಡು ಲೀಟರ್ ಹಾಲು ಕರೆಯುವವನ ಕಥೆ ಏನಾಗಿತ್ತು ನೆನಪು ಮಾಡಿಕೊಳ್ಳಿ. ಎರಡು ಲೀಟರಿಗೆ ಯಾವ ಲಾರಿ ಬರುತ್ತದೆ? ಹೋಟೆಲಿನವನು ಹೇಳಿದ್ದೇ ರೇಟು, ಬೇಡ ಅಂದರೆ ವಾಪಸ್ಸು ತರಬೇಕು. ಇನ್ನೂರು ಮನೆಯ ಹಾಲು ಒಂದು ಕಡೆ ಸೇರಿದ ಮೇಲೆ ಲಾರಿ ಬಾಗಿಲಿಗೆ ಬಂತು. ಅಪರೂಪದ ಕಾಯಿಲೆಯವರು ಇವತ್ತಿಗೂ ಆ ಎರಡು ಲೀಟರಿನವನ ಸ್ಥಿತಿಯಲ್ಲಿ ಇದ್ದಾರೆ.

ನಮ್ಮ ಜಿಲ್ಲೆಯ ಎರಡು ಕಾಯಿಲೆಗಳು

ನಮ್ಮ ಶಿವಮೊಗ್ಗ ಜಿಲ್ಲೆಯ ಎರಡು ಊರುಗಳ ಹೆಸರು ದೇಶ ವಿದೇಶದ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿಹೋಗಿವೆ. ಒಂದು ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು, ಜನಕ್ಕೆ ಜ್ವರ ಬಂದಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಉಣುಗು ಕಚ್ಚಿದರೆ ಬರುತ್ತದೆ ಅಂತ ನಮ್ಮ ಸಣ್ಣ ಮಕ್ಕಳೂ ಹೇಳುತ್ತಾರೆ. ಬೇಸಿಗೆ ಬಂತೆಂದರೆ ಮಂಗ ಸತ್ತ ಸುದ್ದಿ ಊರೆಲ್ಲ ಹರಡುತ್ತದೆ.

ಇನ್ನೊಂದು ಸಾಗರ ತಾಲ್ಲೂಕಿನ ಹಂದಿಗೋಡು. 1974-75ರ ಸುಮಾರಿಗೆ ಅಲ್ಲಿ ಒಂದು ವಿಚಿತ್ರ ಮೂಳೆ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಸೊಂಟ, ಮಂಡಿ ನೋಯಲು ಶುರುವಾಗಿ ಬರಬರುತ್ತಾ ನಡಿಗೆಯೇ ಕಷ್ಟವಾಗುತ್ತದೆ. ಕೆಲವರಿಗೆ ಬೆನ್ನುಮೂಳೆಯೂ ಕೆಡುತ್ತದೆ. ಕೆಲವರು ಬೆಳೆಯದೆ ಕುಳ್ಳಗೆ ಉಳಿಯುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ಮಲೆನಾಡಿನ ಕುಟುಂಬಗಳಲ್ಲಿ ಬರುವ ಸಂಧಿವಾತ ಅಂತ 1970ರ ದಶಕದಲ್ಲೇ ಬರೆದರು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದರಿಂದ ಬಂತೇ ಅನ್ನುವ ಅನುಮಾನವೂ ಆಗ ಬಲವಾಗಿತ್ತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ನಡೆದು, ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ವಂಶಪಾರಂಪರ್ಯ ಕಾಯಿಲೆ ಅಂತ ಹೇಳಿದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದು ಕಂಡುಬಂದಿದೆ. ಬಂದಿರುವುದು ಬಹುಪಾಲು ಪರಿಶಿಷ್ಟ ಜಾತಿಯ ಬಡ ಕೂಲಿ ಕುಟುಂಬಗಳಿಗೆ.

ಈಗ ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಎರಡೂ ನಮ್ಮ ಜಿಲ್ಲೆಯದ್ದೇ. ಮಂಗನ ಕಾಯಿಲೆ ಎಲ್ಲರಿಗೂ ಗೊತ್ತು. ಹಂದಿಗೋಡು ಕಾಯಿಲೆ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ಅಂದರೆ ಹತ್ತು ಕೈ ಏಳುವುದೂ ಕಷ್ಟ. ಕಾರಣ ಸರಳ. ಮಂಗನ ಕಾಯಿಲೆ ಕಾಡಿಗೆ ಹೋದ ಯಾರಿಗೆ ಬೇಕಾದರೂ ಬರಬಹುದು, ತೋಟದ ಯಜಮಾನನಿಗೂ ಬರಬಹುದು. ಹಂದಿಗೋಡು ಕಾಯಿಲೆ ಅಂಟುವುದಿಲ್ಲ. ಅವರ ಮನೆಯಲ್ಲಿ ಹುಟ್ಟಿ ಅವರ ಮನೆಯಲ್ಲೇ ಉಳಿಯುತ್ತದೆ. ನಮಗೆ ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ನಾವು ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟೆವು. ಕೂಲಿಯ ಮನೆಯಲ್ಲಿ ಸೊಂಟ ಹೋದರೆ ಅನ್ನವೇ ಹೋದ ಹಾಗೆ. ನಾಟಿಗೆ ಬಗ್ಗಲು ಆಗುವುದಿಲ್ಲ, ಹೊರೆ ಹೊರಲು ಆಗುವುದಿಲ್ಲ. ಐವತ್ತು ವರ್ಷವಾಯಿತು, ಈ ಕಾಯಿಲೆಯನ್ನು ಬುಡಸಹಿತ ಗುಣಪಡಿಸುವ ಔಷಧ ಬಂದಿಲ್ಲ. ನೋವು ಕಡಿಮೆ ಮಾಡುವ ಮಾತ್ರೆ, ವ್ಯಾಯಾಮ, ತೀರ ಕೆಟ್ಟ ಸೊಂಟದ ಕೀಲಿಗೆ ಆಪರೇಷನ್, ಇಷ್ಟೇ ಇರುವ ದಾರಿ. ಆದ್ದರಿಂದ ಅಂಥವರಿಗೆ ಔಷಧದಷ್ಟೇ ಮುಖ್ಯವಾದದ್ದು ಪಿಂಚಣಿ, ಕೂತು ಮಾಡುವ ಕೆಲಸ, ಮಕ್ಕಳ ಓದು ಮತ್ತು ಅಕ್ಕಪಕ್ಕದವರ ಆಸರೆ.

ವಂಶದಿಂದ ಬರುವುದು ಅಂದರೆ ಹೇಗೆ?

ನಾವು ಹೈನುಗಾರರು, ನಮಗೆ ಇದು ಬೇಗ ಅರ್ಥವಾಗುತ್ತದೆ. ಕೃತಕ ಗರ್ಭಧಾರಣೆ ಮಾಡಿಸುವಾಗ ಹೋರಿ ಯಾವ ತಳಿ, ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತ ಕೇಳುತ್ತೇವೆ. ಕರುವಿನ ಅರ್ಧ ಗುಣ ತಾಯಿಯದು, ಅರ್ಧ ತಂದೆಯದು ಅಂತ ಬಲ್ಲೆವು. ಮನುಷ್ಯರಲ್ಲೂ ಹಾಗೆಯೇ. ಪ್ರತಿ ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪಾಲು ಬರುತ್ತದೆ. ಅದಕ್ಕೆ ವಂಶವಾಹಿ ಅನ್ನುತ್ತಾರೆ.

ಕೆಲವು ಕಾಯಿಲೆಗಳಲ್ಲಿ ಒಂದು ಪಾಲು ಕೆಟ್ಟಿದ್ದರೂ ಕಾಯಿಲೆ ಬರುತ್ತದೆ. ಹಂದಿಗೋಡು ಕಾಯಿಲೆ ಈ ಗುಂಪಿನದು ಅಂತ ಅಧ್ಯಯನ ಹೇಳಿತು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದ ಹಾಗೆ, ಪ್ರತಿ ಸಲವೂ ಹೊಸ ಚಿಮ್ಮು. ಮೊದಲನೆಯ ಮಗುವಿಗೆ ಬಂತು, ಎರಡನೆಯದಕ್ಕೆ ಬರುವುದಿಲ್ಲ ಅಂತ ಲೆಕ್ಕ ಹಾಕುವ ಹಾಗಿಲ್ಲ.

ಇನ್ನು ಕೆಲವು ಕಾಯಿಲೆಗಳಲ್ಲಿ ಎರಡೂ ಪಾಲು ಕೆಟ್ಟಿದ್ದರೆ ಮಾತ್ರ ಕಾಯಿಲೆ. ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆ ಹೀಗೆ. ತಂದೆ ತಾಯಿ ಇಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ, ಆದರೆ ಇಬ್ಬರಲ್ಲೂ ಒಂದೊಂದು ಕೆಟ್ಟ ಪಾಲು ಅಡಗಿರುತ್ತದೆ. ಆಗ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹುಡುಗಿಯನ್ನು ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಒಂದೇ ರಕ್ತದವರಾದಾಗ ಅದೇ ಕೆಟ್ಟ ಪಾಲು ಎರಡೂ ಕಡೆ ಇರುವ ಸಂಭವ ಹೆಚ್ಚು. ಹಾಗಂತ ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಹೀಗಾಗುತ್ತದೆ ಅಂತಲ್ಲ. ಮನೆತನದಲ್ಲಿ ಕಾಯಿಲೆ ಇದ್ದರೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಸಲಹೆ ಕೇಳಿ ಅನ್ನುವುದಷ್ಟೇ ನನ್ನ ಮಾತು. ಜಾತಕ ತೋರಿಸಲು ಇರುವ ಪುರುಸೊತ್ತು ರಕ್ತ ತೋರಿಸಲೂ ಇರಲಿ.

ರಕ್ತಕ್ಕೆ ಹೆಪ್ಪು ಇಲ್ಲದ ಕಾಯಿಲೆ

ಹಂದಿಗೋಡಿನದು ಗುಣವಾಗದ ಕಾಯಿಲೆ. ಸರಿಯಾಗಿ ನೋಡಿಕೊಂಡರೆ ಚೆನ್ನಾಗಿ ಬದುಕಬಹುದಾದ ಕಾಯಿಲೆಗಳೂ ಇವೆ. ಅಂಥದ್ದು ಹಿಮೋಫಿಲಿಯಾ. ಹಾಲಿಗೆ ಹೆಪ್ಪು ಹಾಕಿದರೆ ಮೊಸರು. ಗಾಯವಾದಾಗ ನಮ್ಮ ರಕ್ತವೂ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ರಕ್ತದಲ್ಲೇ ಕೆಲವು ಅಂಶಗಳಿವೆ, ಡಾಕ್ಟರು ಫ್ಯಾಕ್ಟರ್ ಅನ್ನುತ್ತಾರೆ. ಎಂಟನೆಯ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕಡಿಮೆ ಇದ್ದರೆ ಹಿಮೋಫಿಲಿಯಾ ಬಿ. ಎ ಅನ್ನುವುದು ಸುಮಾರು ಐದು ಸಾವಿರ ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ.

ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ಇಂಥ ಹುಡುಗ ಇದ್ದಾನೆ. ಹೆಸರು ಬೇಡ. ಅಂಬೆಗಾಲಿಡುವಾಗಲೇ ಮೈಮೇಲೆ ನೀಲಿ ಕಲೆ, ಆಮೇಲೆ ಆಗಾಗ ಮಂಡಿ ಊತ. ಉಳುಕು ಅಂತ ಎಣ್ಣೆ ಹಚ್ಚಿ ನೀವಿಸಿದರು, ಬಿಸಿ ಶಾಖ ಕೊಟ್ಟರು. ಒಂದು ಆಸ್ಪತ್ರೆಯಲ್ಲಿ ಸಂಧಿವಾತ ಅಂದರು. ಹಲ್ಲು ಬಿದ್ದಾಗ ಮೂರು ದಿನ ರಕ್ತ ನಿಲ್ಲಲಿಲ್ಲ. ಆಗ ದೊಡ್ಡ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು. ಹುಡುಗನಿಗೆ ಆಗ ಏಳು ವರ್ಷ. ಅಷ್ಟರಲ್ಲಿ ಒಂದು ಮಂಡಿ ಕೆಟ್ಟಿತ್ತು. ಆ ಏಳು ವರ್ಷದಲ್ಲಿ ಎರಡು ಹಸು ಮಾರಿದ್ದರು.

ಈ ಕಾಯಿಲೆಯ ಬಗ್ಗೆ ಎಲ್ಲರೂ ನೆನಪಿಡಬೇಕಾದದ್ದು ಇಷ್ಟು. ಇವರಿಗೆ ಬೇರೆಯವರಿಗಿಂತ ಜೋರಾಗಿ ರಕ್ತ ಸುರಿಯುವುದಿಲ್ಲ, ಬಹಳ ಹೊತ್ತು ನಿಲ್ಲುವುದಿಲ್ಲ. ಹೊರಗಿನ ಗಾಯಕ್ಕಿಂತ ಮಂಡಿ, ಮೊಣಕೈ, ಹರಡಿನ ಕೀಲಿನ ಒಳಗೆ ಆಗುವ ಸ್ರಾವವೇ ಹೆಚ್ಚು ಕೆಡಿಸುತ್ತದೆ. ಊತ ಬಂದಾಗ ನೀವಬಾರದು, ಶಾಖ ಕೊಡಬಾರದು. ಅಲುಗಿಸದೆ ಎತ್ತರಕ್ಕಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಫ್ಯಾಕ್ಟರ್ ಕೊಡಿಸಬೇಕು. ಆಸ್ಪಿರಿನ್ ಮಾತ್ರೆ ಕೊಡಬಾರದು. ಮಾಂಸಖಂಡಕ್ಕೆ ಇಂಜೆಕ್ಷನ್ ಚುಚ್ಚಿಸಬಾರದು. ಲಸಿಕೆ ಬೇಡ ಅಂತಲ್ಲ, ಹಾಕುವವರಿಗೆ ಮೊದಲೇ ಕಾಯಿಲೆ ವಿಷಯ ಹೇಳಬೇಕು. ಹಲ್ಲು ಕೀಳಿಸುವ ಮೊದಲೂ ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಒಂದು ಗಳಿಗೆಯೂ ಕಾಯಬಾರದು.

ಚಿಕಿತ್ಸೆ ಸಿಕ್ಕಿದರೆ ಏನಾಗಬಹುದು ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರು ಸ್ವತಃ ಹಿಮೋಫಿಲಿಯಾ ಇರುವವರು. ವೈದ್ಯರಾದರು, ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದರು, ತಮ್ಮಂಥವರಿಗಾಗಿ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. ರೋಗಿಗಳೂ ಅವರ ಮನೆಯವರೂ ಕೂಡಿ ತಮಗಾಗಿ ಕಟ್ಟಿಕೊಂಡ ಸಂಸ್ಥೆ. ಅದೂ ಒಂದು ಸಹಕಾರವೇ ಅಲ್ಲವೇ?

ತಾಯಿಯನ್ನು ದೂರಬೇಡಿ

ಈ ಕಾಯಿಲೆ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆ. ಇಷ್ಟು ಕೇಳಿದ್ದೇ ತಡ, ಮನೆಯಲ್ಲಿ ಸೊಸೆಯ ಮೇಲೆ ಎಲ್ಲರೂ ಬೀಳುತ್ತಾರೆ. ನಿನ್ನ ತವರಿನಿಂದ ತಂದದ್ದು ಅನ್ನುತ್ತಾರೆ. ತವರಿಗೆ ಕಳಿಸಿದ್ದೂ ಇದೆ. ತಾಯಂದಿರೇ, ಯಜಮಾನರೇ, ಸ್ವಲ್ಪ ಯೋಚಿಸಿ. ನಮ್ಮ ಬಣ್ಣ, ನಮ್ಮ ಮೂಗು ನಾವು ಕೇಳಿ ಪಡೆದದ್ದೇ? ಅವಳಿಗೂ ಅದು ಗೊತ್ತಿಲ್ಲದೆ ಬಂದದ್ದು. ಅಷ್ಟೇ ಅಲ್ಲ, ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇದ್ದದ್ದೇ ಇಲ್ಲ, ಹೊಸದಾಗಿ ಆದ ಬದಲಾವಣೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಗಾದೆ ಇದೆ. ಮಗುವಿಗೆ ಕಾಯಿಲೆ ಬಂದರೆ ತಾಯಿಗೆ ಬರೆ ಹಾಕುವುದು ಅದೇ ಬುದ್ಧಿ. ಪೂರ್ವಜನ್ಮದ ಪಾಪ, ನಾಗನ ಶಾಪ ಅನ್ನುವ ಮಾತೂ ಬೇಡ. ದೇವರಿಗೆ ಹರಕೆ ಹೊರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬೇಡಿ.

ಸರಕಾರದಲ್ಲಿ ಏನಿದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದ್ದಾರೆ. ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರಕ್ತಹೀನತೆ, ಮಾಂಸಖಂಡ ಕ್ಷಯಿಸುವ ಕಾಯಿಲೆ, ಕುಬ್ಜತೆ ಎಲ್ಲವೂ ಅದರಲ್ಲಿ ಸೇರಿವೆ. ಕೈಕಾಲು ನೆಟ್ಟಗಿದೆಯಲ್ಲ ಅಂತ ಯಾರಾದರೂ ಅರ್ಜಿ ವಾಪಸ್ಸು ಕೊಟ್ಟರೆ ಈ ಕಾಯ್ದೆಯ ಹೆಸರು ಹೇಳಿ. ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡು ಮಾಡಿಸಿಕೊಂಡರೆ ಮುಂದಿನ ಸವಲತ್ತಿಗೆ ದಾರಿಯಾಗುತ್ತದೆ.

2021ರಲ್ಲಿ ಕೇಂದ್ರ ಸರಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. 2022ರ ಆದೇಶದಂತೆ, ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ಅಂಥ ಕೇಂದ್ರವಾಗಿವೆ. ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಆ ತಂಡ ಬರುವ ದಿನ ಮಕ್ಕಳನ್ನು ತಪ್ಪಿಸಬೇಡಿ. ಮಗು ನಡೆಯುವುದು ತಡವಾದರೆ, ಬೆಳವಣಿಗೆ ನಿಂತರೆ, ಕಲಿತದ್ದನ್ನು ಮರೆಯುತ್ತಾ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಿ. ಬೆಳೆಯುತ್ತಾ ಸರಿಹೋಗುತ್ತದೆ ಅಂತ ಕಾಯಬೇಡಿ.

ಸಹಕಾರಿಗಳಿಗಂತಲೇ ಇರುವ ಯಶಸ್ವಿನಿ ಯೋಜನೆ ನಿಮಗೆ ಗೊತ್ತು. 2003ರಲ್ಲಿ ಶುರುವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿ, 2022-23ರಲ್ಲಿ ಮತ್ತೆ ಬಂತು. ಪಟ್ಟಿಯಲ್ಲಿರುವ ಚಿಕಿತ್ಸೆಗೆ ಅದು ಆಸರೆ. ಆದರೆ ಅಪರೂಪದ ಕಾಯಿಲೆಯವರ ಖರ್ಚು ಆಪರೇಷನ್ನಿನಲ್ಲಿ ಮುಗಿಯುವುದಿಲ್ಲ. ಬಸ್ ಚಾರ್ಜು, ಪರೀಕ್ಷೆ, ಜೊತೆಗೆ ಹೋದವರ ಕೂಲಿ ನಷ್ಟ, ಇದು ಯಾವ ಯೋಜನೆಯಲ್ಲೂ ಬರುವುದಿಲ್ಲ. ಬಹಳ ಮನೆಗಳು ಚಿಕಿತ್ಸೆ ಬಿಡುವುದು ಔಷಧ ಇಲ್ಲ ಅಂತಲ್ಲ, ಹೋಗಿಬರಲು ಕಾಸಿಲ್ಲ ಅಂತ.

ನನ್ನ ಸಲಹೆ

ಇಲ್ಲಿಗೆ ನನ್ನ ಸಲಹೆಗೆ ಬರುತ್ತೇನೆ. ನಮ್ಮ ಸಂಘಕ್ಕೆ ದಿನಕ್ಕೆ ಸರಾಸರಿ 600 ಲೀಟರ್ ಹಾಲು ಬರುತ್ತದೆ. ಲೀಟರಿಗೆ ಐದು ಪೈಸೆ ತೆಗೆದಿಟ್ಟರೆ ದಿನಕ್ಕೆ 30 ರೂಪಾಯಿ, ವರ್ಷಕ್ಕೆ 10,950 ರೂಪಾಯಿ. ಹತ್ತು ಲೀಟರ್ ಹಾಕುವವರಿಗೆ ದಿನಕ್ಕೆ ಎಂಟಾಣೆ. ಹನಿಗೂಡಿದರೆ ಹಳ್ಳ. ಸಂಘ ಲಾಭದಲ್ಲಿ ತೆಗೆದಿಡುವ ಧರ್ಮನಿಧಿಯಿಂದಲೂ ಸ್ವಲ್ಪ ಸೇರಿಸಿದರೆ ಒಂದು ನೆರವು ನಿಧಿ ಆಗುತ್ತದೆ. ಇದರಲ್ಲಿ ಔಷಧ ಕೊಡಿಸುತ್ತೇವೆ ಅಂತ ನಾನು ಹೇಳುವುದಿಲ್ಲ, ಅದು ನಮ್ಮ ಕೈಯಲ್ಲಾಗದ ಮಾತು. ರೋಗಿ ಮತ್ತು ಜೊತೆಯವರ ಪ್ರಯಾಣ, ಮೊದಲ ಪರೀಕ್ಷೆ, ಅರ್ಜಿ, ಪ್ರಮಾಣಪತ್ರದ ಓಡಾಟ, ಇಷ್ಟನ್ನು ನೋಡಿಕೊಳ್ಳಬಹುದು. ಯಾರು ಸದಸ್ಯರು, ಯಾರು ಅಲ್ಲ ಅಂತ ನೋಡುವುದು ಬೇಡ. ಹಸು ಇಲ್ಲದ ಕೂಲಿಯವರ ಮನೆಗೂ ಸಿಗಬೇಕು. ಲೆಕ್ಕವನ್ನು ಪ್ರತಿ ಮಹಾಸಭೆಯಲ್ಲಿ ಓದಬೇಕು.

ಆಡಳಿತ ಮಂಡಳಿಯಲ್ಲಿ ಈ ವಿಷಯ ಬಂದಾಗ ಒಬ್ಬರು ಮಿತ್ರರು ನೇರವಾಗಿ ಕೇಳಿದರು, ಊರಿಗೆ ಇಬ್ಬರು ಮೂವರಿಗೆ ಇರುವ ಕಾಯಿಲೆಗೆ ಇನ್ನೂರು ಜನರ ದುಡ್ಡು ಯಾಕೆ ಅಂತ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಹೀಗೆ. ಹಸುವಿಗೆ ವಿಮೆ ಮಾಡಿಸುತ್ತೇವೆ. ವರ್ಷದಲ್ಲಿ ಸಾಯುವುದು ಒಂದೋ ಎರಡೋ. ಉಳಿದವರು ಕಂತು ಕಟ್ಟಿದ್ದು ದಂಡ ಅಂತ ಯಾರಾದರೂ ಅನ್ನುತ್ತಾರೆಯೇ? ಯಾವ ಕೊಟ್ಟಿಗೆಯ ಹಸು ಅಂತ ಮೊದಲೇ ಗೊತ್ತಿಲ್ಲ, ಅದಕ್ಕೇ ಎಲ್ಲರೂ ಕಟ್ಟುತ್ತೇವೆ. ನಾಳೆ ಹುಟ್ಟುವ ಮಗು ಯಾರ ಮನೆಯದು ಅಂತಲೂ ಗೊತ್ತಿಲ್ಲ. ಎಲ್ಲರಿಗೂ ಬರುವ ಕಷ್ಟಕ್ಕೆ ಸರಕಾರ ತಾನಾಗಿ ಬರುತ್ತದೆ. ಒಬ್ಬರಿಗೇ ಬಂದ ಕಷ್ಟಕ್ಕೆ ನೆರೆಯವರೇ ಹೋಗಬೇಕು.

ದುಡ್ಡಿಲ್ಲದೆ ಮಾಡಬಹುದಾದದ್ದೂ ಇದೆ. ಸೊಂಟ ಮಂಡಿ ಹೋದವರು ಹೊರೆ ಹೊರಲಾರರು, ಆದರೆ ಕೂತು ಫ್ಯಾಟ್ ಪರೀಕ್ಷೆ ಮಾಡಬಲ್ಲರು, ಲೆಕ್ಕ ಬರೆಯಬಲ್ಲರು. ಸಂಘದಲ್ಲಿ ಮುಂದೆ ಕೆಲಸ ಖಾಲಿಯಾದಾಗ ಓದಿದ ಅಂಥವರನ್ನು ಮೊದಲು ಕೇಳೋಣ. ಬಟವಾಡೆಯ ದಿನ ಸಂಘದ ಫಲಕದ ಮೇಲೆ ಒಂದು ಆರೋಗ್ಯದ ವಿಷಯ ಬರೆಯೋಣ. ಫೆಬ್ರವರಿ ಕೊನೆಯ ದಿನವನ್ನು 2008ರಿಂದ ಅಪರೂಪದ ಕಾಯಿಲೆಗಳ ದಿನ ಅಂತ ಲೋಕದಲ್ಲಿ ಆಚರಿಸುತ್ತಾರೆ. ಆ ದಿನ ನಮ್ಮ ಶಾಲೆಗೆ ಒಬ್ಬ ವೈದ್ಯರನ್ನು ಕರೆಸೋಣ. ಶಾಲೆಯ ಮಕ್ಕಳೇ, ಕುಂಟುವವನನ್ನು ಕುಂಟ ಅಂತ, ಬೆಳೆಯದವನನ್ನು ಕುಳ್ಳ ಅಂತ ಕರೆಯಬೇಡಿ. ಅವನಿಗೆ ತಂದೆ ತಾಯಿ ಇಟ್ಟ ಹೆಸರಿದೆ.

1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅವರ ಮುಂದೆ ಇದ್ದದ್ದು ಸಾಲದಲ್ಲಿ ಒಂಟಿಯಾಗಿ ಮುಳುಗುತ್ತಿದ್ದ ರೈತ. ಒಂಟಿಯಾಗಿ ಮುಳುಗುವವನಿಗೆ ಕೈ ಕೊಡುವುದೇ ಸಹಕಾರದ ಹುಟ್ಟುಗುಣ. ನಮ್ಮ ಸಂಘಕ್ಕೆ 25 ವರ್ಷ ತುಂಬಿದೆ. ಕಟ್ಟಡ ಆಯಿತು, ಹಾಲು ತಣ್ಣಗಿಡುವ ಯಂತ್ರ ಬಂತು, ಬೋನಸ್ಸೂ ಹಂಚಿದೆವು. ಈ ವರ್ಷದ ಮಹಾಸಭೆಯಲ್ಲಿ ಐದು ಪೈಸೆಯ ಈ ನಿರ್ಣಯವನ್ನೂ ಬರೆಸಿದರೆ ನಮ್ಮ ಬೆಳ್ಳಿಹಬ್ಬಕ್ಕೆ ಅರ್ಥ ಬರುತ್ತದೆ ಅಂತ ನನ್ನ ನಂಬಿಕೆ. ಮನೆಗೆ ಹೋಗಿ ಹೆಂಗಸರ ಜೊತೆ ಕೂತು ಯೋಚನೆ ಮಾಡಿ. ಹಾಲು ಕರೆಯುವವರು ಅವರೇ, ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಅಲೆಯುವವರೂ ಅವರೇ.



ಜೈ ಸಹಕಾರ. ಜೈ ಕರ್ನಾಟಕ. ಜೈ ಹಿಂದ್.